ಕೊನೆಯ ಲಾಂಚ್ ಎಷ್ಟು ಗಂಟೆಗೆ?

ಮಕ್ಕಳೇ, ಈ ವಾರ ಒಂದು ಬಾಯಿಲೆಕ್ಕದಿಂದ ಶುರು ಮಾಡೋಣ. ಕಾಗದ, ಪೆನ್ಸಿಲ್ ಬೇಡ. ಅಜ್ಜ-ಅಜ್ಜಿಯರೂ ಪಕ್ಕದಲ್ಲಿ ಕೂತು ಮನಸ್ಸಿನಲ್ಲೇ ಮಾಡಿ ನೋಡಬೇಕು.

ಒಂದು ದೊಡ್ಡ ದ್ವೀಪ, ಒಂದು ಚಿಕ್ಕ ದ್ವೀಪ. ನಡುವೆ ಸುಮಾರು 5 ಕಿಲೊಮೀಟರ್ ಸಮುದ್ರ. ದಾಟಲು ಹಡಗಿದೆ, ಸೇತುವೆ ಇಲ್ಲ. ದೊಡ್ಡ ದ್ವೀಪದಿಂದ ಚಿಕ್ಕ ದ್ವೀಪಕ್ಕೆ ಹೋಗುವಾಗ ಯಾರೂ ಟಿಕೆಟ್ ಕೇಳುವುದಿಲ್ಲ. ಸುಮ್ಮನೆ ನಡೆದು ಹೋಗಿ ಹಡಗು ಹತ್ತಿ ಕೂತರಾಯಿತು. ಹಾಗಾದರೆ ಹಡಗಿನವರಿಗೆ ಎಣ್ಣೆಯ ದುಡ್ಡು ಎಲ್ಲಿಂದ ಬರಬೇಕು?

ಇದು ಕಟ್ಟಿದ ಕತೆಯಲ್ಲ. ಭೂಮಧ್ಯ ಸಮುದ್ರದಲ್ಲಿ ಮಾಲ್ಟಾ ಎಂಬ ಪುಟ್ಟ ದೇಶವಿದೆ. ಇಡೀ ದೇಶ ಸೇರಿದರೂ 316 ಚದರ ಕಿಲೊಮೀಟರ್, ಅಂದರೆ ನಮ್ಮ ಮುಧೋಳ ತಾಲ್ಲೂಕಿಗಿಂತ ಚಿಕ್ಕದು. ಅದರಲ್ಲೇ ಮಾಲ್ಟಾ ಎಂಬ ದೊಡ್ಡ ದ್ವೀಪ, ಗೋಜೋ ಎಂಬ ಚಿಕ್ಕ ದ್ವೀಪ, ನಡುವೆ ಕೊಮಿನೋ ಎಂಬ ಇನ್ನೂ ಚಿಕ್ಕ ದ್ವೀಪ. ನಮ್ಮ ಓಣಿಯ ಹುಡುಗನೊಬ್ಬ ಕೆಲಸಕ್ಕೆಂದು ಮಾಲ್ಟಾಕ್ಕೆ ಹೋಗಿದ್ದಾನೆ. ಭಾನುವಾರ ಮನೆಗೆ ಫೋನ್ ಮಾಡಿದಾಗ ಕೆಲವೊಮ್ಮೆ ಈ ಹಡಗಿನ ಮೇಲಿಂದಲೇ ಸಮುದ್ರ ತೋರಿಸುತ್ತಾನೆ. ‘ಅಜ್ಜಾರ, ಹೋಗೂದು ಪುಕ್ಕಟೆ, ಬರೂದಕ್ಕ ರೊಕ್ಕ’ ಎಂದು ಅವನು ಹೇಳಿದಾಗ ನನ್ನ ಬಿ.ಕಾಂ. ಬುದ್ಧಿ ಎಚ್ಚರವಾಯಿತು.

ಉತ್ತರ ಸಿಕ್ಕಿತೇ? ಗೋಜೋ ದ್ವೀಪಕ್ಕೆ ಹೋದವರು ಇವತ್ತಲ್ಲ ನಾಳೆ ಮರಳಿ ಬರಲೇಬೇಕು. ಆದ್ದರಿಂದ ಗೋಜೋದ ಇಮ್ಜಾರ್ ಬಂದರಿನಲ್ಲಿ ಮಾತ್ರ ಟಿಕೆಟ್ ಮಾಡುತ್ತಾರೆ, ಆ ಒಂದೇ ಟಿಕೆಟ್ಟಿನಲ್ಲಿ ಹೋಗಿಬಂದ ಎರಡೂ ದುಡ್ಡು ಸೇರಿರುತ್ತದೆ. ನೂರು ಜನಕ್ಕೆ ಎರಡು ಕಡೆ ಹತ್ತು ಹತ್ತು ರೂಪಾಯಿ ವಸೂಲಿ ಮಾಡಿದರೆ 2000 ರೂಪಾಯಿ. ಒಂದೇ ಕಡೆ ಇಪ್ಪತ್ತು ವಸೂಲಿ ಮಾಡಿದರೂ 2000 ರೂಪಾಯಿ. ಜಮಾ ಅಷ್ಟೇ, ಕೌಂಟರ್ ಮಾತ್ರ ಅರ್ಧ. 36 ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನಿಗೆ ಇದಕ್ಕಿಂತ ಚಂದದ ಲೆಕ್ಕ ಇನ್ನೊಂದು ಕಾಣಲಿಲ್ಲ.

ಇನ್ನೂ ಒಂದು ಮಾತು. ಗೋಜೋದಲ್ಲೇ ಮನೆ ಇರುವವರಿಗೆ ಟಿಕೆಟ್ಟಿನಲ್ಲಿ ದೊಡ್ಡ ರಿಯಾಯಿತಿ ಇದೆ. ನೋಡಲು ಬಂದವರಿಗೆ ಹಡಗು ಒಂದು ದಿನದ ಮೋಜು. ಅಲ್ಲೇ ಹುಟ್ಟಿದವರಿಗೆ ಅದು ಮನೆಮುಂದಿನ ರಸ್ತೆ. ಒಂದೇ ಬೆಂಚಿನ ಮೇಲೆ ಕೂತ ಇಬ್ಬರಿಗೆ ಒಂದೇ ಹಡಗು ಎರಡು ಬೇರೆ ಬೇರೆ ವಸ್ತು ಎಂಬುದನ್ನು ಟಿಕೆಟ್ ಮಾಡಿದವರು ತಿಳಿದುಕೊಂಡಿದ್ದಾರೆ.

ಹಡಗಿನ ರಚನೆಯೂ ಚಂದ. ಅದಕ್ಕೆ ಹಿಂದು-ಮುಂದು ಎಂಬುದಿಲ್ಲ, ಎರಡೂ ತುದಿಗೆ ಬಾಗಿಲು. ಕಾರು, ಲಾರಿ ಈ ತುದಿಯಿಂದ ಒಳಗೆ ಬಂದು ಆ ತುದಿಯಿಂದ ನೇರ ಹೊರಗೆ ಹೋಗುತ್ತವೆ. ರಿವರ್ಸ್ ಗೇರ್ ಹಾಕುವ ಕೆಲಸವೇ ಇಲ್ಲ. ಸುಮಾರು 25 ನಿಮಿಷದಲ್ಲಿ ಆಚೆ ದಡ.

ಅಷ್ಟು ಕಬ್ಬಿಣ, ಅಷ್ಟು ಕಾರು ಹೊತ್ತ ಹಡಗು ಮುಳುಗುವುದಿಲ್ಲ ಯಾಕೆ? ಈ ಪ್ರಶ್ನೆಗೆ ಉತ್ತರ ಹೇಳಿದವನು ಅಲ್ಲಿಯವನೇ. ಮಾಲ್ಟಾದಿಂದ ಉತ್ತರಕ್ಕೆ ಹೋದರೆ ಸಿಸಿಲಿ ಎಂಬ ದೊಡ್ಡ ದ್ವೀಪ. ಅಲ್ಲಿನ ಸಿರಾಕ್ಯೂಸ್ ಊರಿನವನು ಆರ್ಕಿಮಿಡೀಸ್. ಅವನು ಬದುಕಿದ್ದು ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ. ನೀವೂ ಪರೀಕ್ಷೆ ಮಾಡಿ. ಒಂದು ಬಕೆಟ್ ನೀರು ತನ್ನಿ. ಒಂದು ಕಬ್ಬಿಣದ ಮೊಳೆ ಹಾಕಿದರೆ ತಳ ಸೇರುತ್ತದೆ. ಅದಕ್ಕಿಂತ ಎಷ್ಟೋ ಭಾರದ ಸ್ಟೀಲ್ ಬಟ್ಟಲು ಇಟ್ಟರೆ ತೇಲುತ್ತದೆ. ಬಟ್ಟಲು ಅಗಲವಾಗಿ ಕೂತು ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಸರಿದ ನೀರಿನ ತೂಕದಷ್ಟೇ ಬಲ ಅದನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಈಗ ಬಟ್ಟಲಿನೊಳಗೆ ನಾಣ್ಯಗಳನ್ನು ಒಂದೊಂದಾಗಿ ಹಾಕಿ. ಎಲ್ಲವನ್ನೂ ಒಂದೇ ಬದಿಗೆ ಹಾಕಿದರೆ ಬಟ್ಟಲು ಓರೆಯಾಗಿ ನೀರು ಒಳಗೆ ನುಗ್ಗುತ್ತದೆ. ಸಮನಾಗಿ ಹರಡಿದರೆ ಬಹಳ ನಾಣ್ಯ ಹಿಡಿಯುತ್ತದೆ. ಹಂಪಿಯ ಹರಿಗೋಲಿನಲ್ಲಿ ಅಂಬಿಗರು ‘ನಡುವೆ ಕೂಡ್ರಿ, ಏಳಬ್ಯಾಡ್ರಿ’ ಎನ್ನುವುದು ಇದೇ ಕಾರಣಕ್ಕೆ.

‘ಅಜ್ಜಾ, ನಮ್ಮ ರಾಜ್ಯದಾಗ ಕಾರು ಹೊತ್ತ ಹಡಗು ಇಲ್ಲೇನು?’ ಎಂದು ಮೊಮ್ಮಗಳು ಕೇಳಿದಳು. ಇದೆ. ಲೋಕಾಪುರದ ನಮಗೆ ಸಮುದ್ರ ದೂರ. ಹೊಳೆ ಎಂದರೆ ಆಕಡೆ ಘಟಪ್ರಭಾ, ಈಕಡೆ ಮಲಪ್ರಭಾ, ಮೇಲೆ ಕೃಷ್ಣಾ. ಆದರೆ ಮಲೆನಾಡಿನ ಶರಾವತಿ ಹಿನ್ನೀರಿನಲ್ಲಿ ಬಸ್ಸು, ಕಾರುಗಳನ್ನು ಹೊತ್ತು ದಾಟಿಸುತ್ತಿದ್ದ ಲಾಂಚನ್ನು ನಾನು ಚೆನ್ನಾಗಿ ಬಲ್ಲೆ. ಸಿಗಂದೂರು ಚೌಡೇಶ್ವರಿ ದರ್ಶನಕ್ಕೆ ಹೋದ ಹಿರಿಯರೆಲ್ಲ ಅದನ್ನು ಹತ್ತಿದವರೇ. 1981ರಿಂದ ಮೂರು ವರ್ಷ ನನಗೆ ಸಾಗರದ ಶಾಖೆಗೆ ವರ್ಗವಾಗಿತ್ತು. ಬಯಲುಸೀಮೆಯ ನಾನು ಆ ಮಳೆಯಲ್ಲಿ ಕೊಡೆ ಹಿಡಿಯುವುದನ್ನು ಕಲಿತದ್ದೇ ಅಲ್ಲಿ.

ಮೊದಲು ಅಲ್ಲಿ ಅಷ್ಟು ನೀರು ಯಾಕೆ ನಿಂತಿತು ಹೇಳುತ್ತೇನೆ. ಶರಾವತಿ ಎಂದರೆ ಜೋಗದಲ್ಲಿ ಧುಮುಕುವ ನದಿ. ಜೋಗಕ್ಕಿಂತ ಮೇಲೆ ಲಿಂಗನಮಕ್ಕಿಯಲ್ಲಿ 1964ರಲ್ಲಿ ಅಣೆಕಟ್ಟು ಮುಗಿಯಿತು. ಅದು ಹಿಡಿಯುವ ನೀರು 151 ಟಿಎಂಸಿ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ, ಗುಣಾಕಾರ ನೀವೇ ಮಾಡಿಕೊಳ್ಳಿ. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಶಕ್ತಿ 1035 ಮೆಗಾವಾಟ್. ಕರ್ನಾಟಕದ ಊರೂರಿಗೆ ಬೆಳಕು ಹೋದದ್ದರಲ್ಲಿ ಆ ನದಿಯ ಪಾಲು ಬಹಳ ದೊಡ್ಡದು.

ಇದು ಜಮೆಯ ಬದಿ. ಖರ್ಚಿನ ಬದಿಯಲ್ಲಿ ಏನಿದೆ? ಕಣಿವೆಯ ಗದ್ದೆ, ತೋಟ, ಊರು ಮುಳುಗಿದವು. ಅದಕ್ಕಿಂತ ಮುಂಚೆ 1948ರ ಹೊತ್ತಿಗೆ ಕಟ್ಟಿದ್ದ ಹಿರೇಭಾಸ್ಕರ ಎಂಬ ಅಣೆಕಟ್ಟೇ ಹೊಸ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು ಎಂದರೆ ಊಹಿಸಿ! ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ಮತ್ತೆ ತಲೆ ಎತ್ತುತ್ತದೆ, ಜನ ಹೋಗಿ ನೋಡಿ ಬರುತ್ತಾರೆ. ಮುಳುಗದೆ ಉಳಿದ ಊರುಗಳ ಪಾಡು ಇನ್ನೊಂದು ಬಗೆ. ತುಮರಿ ಸುತ್ತಲಿನ ಕರೂರು, ಬಾರಂಗಿ ಹೋಬಳಿಗಳ ಮುಂದೆ ನೀರು ಬಂದು ನಿಂತಿತು, ಹಿಂದೆ ಘಟ್ಟದ ಕಾಡು. ನಕ್ಷೆಯಲ್ಲಿ ಅದು ದ್ವೀಪವಲ್ಲ. ಆದರೆ ತಾಲ್ಲೂಕಿನ ಊರಾದ ಸಾಗರಕ್ಕೆ ಹೋಗಬೇಕಾದವರಿಗೆ ದ್ವೀಪವೇ ಆಯಿತು. ರಸ್ತೆ ಹಿಡಿದರೆ ಕಾಡು ಸುತ್ತಿ ದೂರದ ದಾರಿ, ಇಲ್ಲವೇ ನೀರು ದಾಟಬೇಕು. ಈಚೆ ಅಂಬಾರಗೋಡ್ಲು, ಆಚೆ ಕಳಸವಳ್ಳಿ. ಈಚೆಯ ಕಡವಿಗೆ ಹೊಳೆಬಾಗಿಲು ಎಂದು ಹೆಸರು. ಒಳನಾಡು ಜಲಸಾರಿಗೆ ಇಲಾಖೆಯ ಲಾಂಚ್ ಅಲ್ಲಿ ಓಡುತ್ತಿತ್ತು.

ಬ್ಯಾಂಕಿನಲ್ಲಿ ನಾವು ಅವರನ್ನು ‘ಲಾಂಚಿನವರು’ ಎಂದು ಕರೆಯುತ್ತಿದ್ದೆವು. ಗುರುತು ಹಿಡಿಯುವುದು ಸುಲಭ. ಉಳಿದ ಗ್ರಾಹಕರು ಬಂದು ಟೋಕನ್ ಹಿಡಿದು ಗೋಡೆಗೆ ಒರಗಿ ಮಾತಾಡುತ್ತಿದ್ದರು. ಲಾಂಚಿನವರು ಗಡಿಯಾರ ನೋಡುತ್ತಿದ್ದರು. ಬಸ್ಸು ತಡವಾದರೆ ಲಾಂಚ್ ತಪ್ಪಿತು, ಕೊನೆಯ ಲಾಂಚ್ ತಪ್ಪಿದರೆ ಆ ರಾತ್ರಿ ಮನೆ ಇಲ್ಲ. ಕತ್ತಲಾದ ಮೇಲೆ ಲಾಂಚ್ ಓಡುತ್ತಿರಲಿಲ್ಲ. ಆದ್ದರಿಂದ ನಮ್ಮ ಶಾಖೆಯಲ್ಲಿ ಬರೆದಿಡದ ಒಂದು ನಿಯಮ ಇತ್ತು: ಮಧ್ಯಾಹ್ನದ ಹೊತ್ತು ಲಾಂಚಿನವರ ಚೆಕ್ಕು ಮೊದಲು. ಸಾಲಿನಲ್ಲಿದ್ದ ಬೇರೆಯವರೂ ಗೊಣಗದೆ ‘ಮೊದಲು ಅವರದ್ದು ಮುಗಿಸಿ ಮಾರಾಯ್ರೆ’ ಎನ್ನುತ್ತಿದ್ದರು.

ಒಂದು ಮಳೆಗಾಲದಲ್ಲಿ ಆಚೆ ದಡದ ರೈತರೊಬ್ಬರು ಠೇವಣಿ ರಸೀದಿ ಹಿಡಿದು ಬಂದರು. ಅವಧಿ ಮುಗಿಯಲು ಇನ್ನೂ ಐದು ತಿಂಗಳಿತ್ತು. ಈಗ ಮುರಿದರೆ ಬಡ್ಡಿ ಕಡಿಮೆಯಾಗುತ್ತದೆ, ಸ್ವಲ್ಪ ತಾಳಿ ಎಂದು ಹೇಳಿದೆ. ಅವರು ತಲೆಯಾಡಿಸಿದರು. ಸೊಸೆಗೆ ದಿನ ತುಂಬುತ್ತಾ ಬಂದಿದೆ, ಸಾಗರದಲ್ಲಿ ಎರಡು ತಿಂಗಳಿಗೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ ಎಂದರು. ಊರಲ್ಲಿ ಸೌಖ್ಯವಿಲ್ಲವೇ ಎಂದು ನಾನು ಕೇಳಿದೆ. ಅವರ ಉತ್ತರ ಇಷ್ಟೇ: ‘ಹೆರಿಗೆ ನೋವು ಹಗಲು ಹೊತ್ತೇ ಬರ್ತದೆ ಅಂತ ಯಾರು ಹೇಳ್ತಾರೆ?’

ಮಕ್ಕಳೇ, ಆ ದಿನ ನಾನು ಬರೆದ ವೋಚರಿನಲ್ಲಿ ಬಡ್ಡಿ ಎಷ್ಟು ಕಡಿಮೆಯಾಯಿತು ಎಂಬುದು ಮಾತ್ರ ಇತ್ತು. ಆದರೆ ಅವರ ನಿಜವಾದ ಖರ್ಚು ನೋಡಿ. ಕೋಣೆಯ ಬಾಡಿಗೆ ಒಂದು. ಸೊಸೆಯ ಜೊತೆಗೆ ಅತ್ತೆಯೂ ಇಲ್ಲಿಗೆ ಬಂದರೆ ಅಲ್ಲಿ ಹಸುವಿನ ಹಾಲು ಕರೆಯುವವರು ಯಾರು? ಮಗ ವಾರಕ್ಕೆರಡು ಸಲ ಹೋಗಿ ಬರುವ ಖರ್ಚು. ಹೈಸ್ಕೂಲು ಮುಗಿಸಿದ ಮಕ್ಕಳನ್ನು ಓದಿಗಾಗಿ ಸಾಗರದ ನೆಂಟರ ಮನೆಯಲ್ಲಿ ಬಿಟ್ಟ ಮನೆಗಳು ಎಷ್ಟೋ. ರಾತ್ರಿ ಹಾವು ಕಚ್ಚಿದರೆ, ಎದೆನೋವು ಬಂದರೆ ಜೀಪು ಹಿಡಿದು ಕಾಡಿನ ದಾರಿ ಸುತ್ತಬೇಕು. ಲಾಂಚಿನ ಟಿಕೆಟ್ ಬಹಳ ಅಗ್ಗ ಎಂದು ಪ್ರವಾಸಿಗರು ಹೊಗಳುತ್ತಿದ್ದರು. ಅಗ್ಗವೇ ಹೌದು. ಆದರೆ ಟಿಕೆಟ್ಟಿನಲ್ಲಿ ಅಚ್ಚಾಗದ ದುಡ್ಡನ್ನು ಆ ಊರಿನವರು ಬೇರೆ ಕಡೆ ತೆರುತ್ತಿದ್ದರು.

ಇದನ್ನು ನೆನೆದೇ ಆ ಮಾಲ್ಟಾದ ಹುಡುಗನಿಗೆ ಒಂದು ಪ್ರಶ್ನೆ ಕೇಳಿದೆ. ಟಿಕೆಟ್ ಎಷ್ಟು ಎಂದಲ್ಲ, ‘ಕೊನೆಯ ಹಡಗು ಎಷ್ಟು ಗಂಟೆಗೆ?’ ಎಂದು. ಕೊನೆಯ ಹಡಗು ಎಂಬುದೇ ಅಲ್ಲಿಲ್ಲವಂತೆ. ರಾತ್ರಿ ಸಂಖ್ಯೆ ಕಡಿಮೆ, ಆದರೆ ನಡುರಾತ್ರಿಯಲ್ಲೂ ಹಡಗು ಓಡುತ್ತದೆ. ಗಾಳಿ-ಅಲೆ ತೀರಾ ಜೋರಾದ ದಿನ ಮಾತ್ರ ನಿಲ್ಲಿಸುತ್ತಾರೆ. ಸಮುದ್ರದ ಅಡಿಯಲ್ಲಿ ಸುರಂಗ ಕೊರೆದು ಎರಡು ದ್ವೀಪ ಜೋಡಿಸಬೇಕೇ ಬೇಡವೇ ಎಂಬ ವಾದ ಅಲ್ಲಿ ಬಹಳ ವರ್ಷದಿಂದ ನಡೆದಿದೆ. ಬೇಕು ಎನ್ನುವವರಿದ್ದಾರೆ, ನಮ್ಮ ದ್ವೀಪದ ಶಾಂತಿ ಕೆಡುತ್ತದೆ ಎನ್ನುವವರೂ ಇದ್ದಾರೆ. ರಾತ್ರಿ ಹಡಗು ಇರುವವರಿಗೆ ಹಾಗೆ ನಿಂತು ವಾದ ಮಾಡುವ ಪುರುಸೊತ್ತು ಉಂಟು. ತುಮರಿಯವರಿಗೆ ಅದು ಇರಲಿಲ್ಲ.

2012ರಲ್ಲಿ ಮನೆಮಂದಿಯ ಜೊತೆ ಸಿಗಂದೂರಿಗೆ ಹೋದಾಗ ನಮ್ಮ ಬಾಡಿಗೆ ಕಾರನ್ನೂ ಲಾಂಚಿನ ಮೇಲೆ ಹತ್ತಿಸಿದರು. ಸಿಬ್ಬಂದಿ ಕೈಸನ್ನೆ ಮಾಡುತ್ತಾ ಒಂದು ಕಾರು ಎಡಕ್ಕೆ, ಒಂದು ಬಲಕ್ಕೆ, ಮಿನಿಬಸ್ಸು ನಡುವೆ ನಿಲ್ಲಿಸುತ್ತಿದ್ದರು. ಮೇಲೆ ಹೇಳಿದ ಬಟ್ಟಲು ಮತ್ತು ನಾಣ್ಯದ ಪಾಠವನ್ನು ಅವರು ಯಾವ ಪುಸ್ತಕವೂ ಇಲ್ಲದೆ ದಿನಕ್ಕೆ ಎಷ್ಟೋ ಸಲ ಮಾಡಿ ತೋರಿಸುತ್ತಿದ್ದರು. ಸುತ್ತ ಹಸಿರು ಗುಡ್ಡ, ನೀರಿನಲ್ಲಿ ಒಣಗಿ ನಿಂತ ಮರದ ಬೊಡ್ಡೆಗಳು. ನಮ್ಮಂಥ ಯಾತ್ರಿಕರು ಕಟಕಟೆ ಹಿಡಿದು ಫೋಟೋ ತೆಗೆಯುತ್ತಿದ್ದೆವು. ಪಕ್ಕದಲ್ಲಿ ಹಿಂಡಿಯ ಚೀಲದ ಮೇಲೆ ಕೂತಿದ್ದ ಊರಿನ ಹೆಂಗಸು ಒಮ್ಮೆಯೂ ನೀರಿನ ಕಡೆ ನೋಡಲಿಲ್ಲ. ಮನೆಮುಂದಿನ ರಸ್ತೆಯನ್ನು ಯಾರು ತಾನೇ ನಿಂತು ನೋಡುತ್ತಾರೆ?

ಬೇಸಿಗೆಯಲ್ಲಿ ಬೇರೆ ತೊಂದರೆ. ನೀರು ತೀರಾ ಕೆಳಗಿಳಿದ ವರ್ಷ ಲಾಂಚ್ ದಡಕ್ಕೆ ಸರಿಯಾಗಿ ತಾಗುತ್ತಿರಲಿಲ್ಲ, ವಾಹನ ಹತ್ತಿಸುವುದನ್ನು ನಿಲ್ಲಿಸಿ ಜನರನ್ನು ಮಾತ್ರ ದಾಟಿಸುತ್ತಿದ್ದರು. ಯಾರ ಭೂಮಿ ಮುಳುಗಿಸಿ ನೀರು ನಿಂತಿತೋ, ಅವರೇ ಪ್ರತಿ ಬೇಸಿಗೆ ನೀರು ಸಾಲದೆ ಪರದಾಡುವ ಸ್ಥಿತಿ.

ಕಡೆಗೆ 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಯಿತು. ಉದ್ದ ಸುಮಾರು 2.4 ಕಿಲೊಮೀಟರ್. ನಡುವಿನ ಭಾಗವನ್ನು ಎತ್ತರದ ಕಂಬಗಳಿಂದ ದಪ್ಪ ಕೇಬಲ್‌ಗಳು ಹಿಡಿದು ನಿಲ್ಲಿಸಿವೆ, ವೀಣೆಯ ತಂತಿಯಂತೆ ಕಾಣುತ್ತವೆ. 1964ರಿಂದ 2025ಕ್ಕೆ ಕಳೆಯಿರಿ: 61 ವರ್ಷ. ಹೆರಿಗೆಗೆ ಕೋಣೆ ಹಿಡಿದ ಆ ಮನೆಯಲ್ಲಿ ಹುಟ್ಟಿದ ಮಗುವಿಗೂ ಈಗ ನಲವತ್ತು ದಾಟಿರಬೇಕು.

‘ಲಾಂಚಿನ ಮಜಾ ಹೋಯ್ತಲ್ರೀ’ ಎಂದು ನನ್ನ ವಯಸ್ಸಿನ ಗೆಳೆಯರು ಬೇಸರಪಡುತ್ತಾರೆ. ನನಗೂ ಆ ಇಪ್ಪತ್ತು ನಿಮಿಷದ ತಂಪು ಗಾಳಿ ನೆನಪಾಗುತ್ತದೆ. ಕಡವಿನ ಬಳಿ ಕಾಯುವವರನ್ನು ನಂಬಿ ಚಹಾ, ಮಂಡಕ್ಕಿ ಮಾರುತ್ತಿದ್ದವರು ಈಗ ಏನು ಮಾಡುತ್ತಾರೋ ಎಂಬ ಚಿಂತೆಯೂ ಬರುತ್ತದೆ. ಆದರೆ ವರ್ಷಕ್ಕೊಮ್ಮೆ ಹೋಗುವವರ ಮಜಾ ಒಂದು ತಕ್ಕಡಿಯಲ್ಲಿ, ದಿನವೂ ದಾಟುವವರ ನಡುರಾತ್ರಿ ಇನ್ನೊಂದು ತಕ್ಕಡಿಯಲ್ಲಿ ಇಟ್ಟರೆ ಯಾವುದು ಕೆಳಗಿಳಿಯುತ್ತದೆ ಎಂದು ಹೇಳಲು ಬಿ.ಕಾಂ. ಓದಬೇಕಿಲ್ಲ. ನಮ್ಮೆಲ್ಲರ ಮನೆಯ ದೀಪಕ್ಕಾಗಿ ಅವರು ಕೊಟ್ಟದ್ದು ಕೈಸಾಲ. ಸೇತುವೆ ಅದರ ಮರುಪಾವತಿ, ಅದೂ ತಡವಾಗಿ.

ನಮ್ಮ ಬಾಗಲಕೋಟೆ ಜಿಲ್ಲೆಯ ಹಿರಿಯರಿಗೆ ‘ಮುಳುಗಡೆ’ ಎಂಬ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಯ ಹಿನ್ನೀರು ಬಂದು ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳ ಜನ ನವನಗರಕ್ಕೆ ಹೋದದ್ದನ್ನು ಕಣ್ಣಾರೆ ಕಂಡವರು ನಾವು. ಜಮಖಂಡಿ ತಾಲ್ಲೂಕಿನ ಕಂಕಣವಾಡಿಯ ಬಳಿ ಕೃಷ್ಣೆಯಲ್ಲಿ ಗುಹೇಶ್ವರ ನಡುಗಡ್ಡೆ ಇದೆ. ಅಲ್ಲಿ ಹೊಲ, ಮನೆ ಇರುವವರು ದೋಣಿಯಲ್ಲೇ ದಾಟುತ್ತಿದ್ದವರು. ಕಬ್ಬು ಕಡಿದರೆ ಅದನ್ನೂ ನೀರು ದಾಟಿಸಿಯೇ ಕಾರ್ಖಾನೆಗೆ ಕಳಿಸಬೇಕು. ಕೆಲವು ವರ್ಷಗಳ ಹಿಂದೆ ಅಲ್ಲಿಯ ರೈತರು ತಾವೇ ದುಡ್ಡು ಕೂಡಿಸಿ, ಖಾಲಿ ಬ್ಯಾರೆಲ್‌ಗಳನ್ನು ಸಾಲಾಗಿ ಕಟ್ಟಿ ತೇಲುವ ಸೇತುವೆ ಮಾಡಿಕೊಂಡರು. ಖಾಲಿ ಬ್ಯಾರೆಲ್ ತೇಲುವುದೂ ಆ ಸ್ಟೀಲ್ ಬಟ್ಟಲಿನ ಲೆಕ್ಕದಂತೆಯೇ. ಅದೇ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿ ಅದಕ್ಕೆ ‘ಶ್ರಮಬಿಂದು ಸಾಗರ’ ಎಂದು ಹೆಸರಿಟ್ಟದ್ದು ನಿಮ್ಮ ಅಜ್ಜಂದಿರಿಗೆ ಗೊತ್ತು. ಕಾಯುವುದು ಬೇಸರವಾದಾಗ ನಮ್ಮ ಸೀಮೆಯ ಜನ ತೋಳು ಮಡಚಿ ನಿಂತದ್ದು ಇದೇ ಮೊದಲಲ್ಲ. ಹಾಗೆಂದು, ತೋಳು ಮಡಚುವ ಜನ ಇದ್ದಾರೆಂದು ಉಳಿದವರು ಕೈಕಟ್ಟಿ ಕೂಡುವುದೂ ನ್ಯಾಯವಲ್ಲ.

ಆದ್ದರಿಂದ ಈ ವಾರ ನಿಮಗೊಂದು ಕೆಲಸ. ಅಜ್ಜ, ಅಜ್ಜಿ, ಇಲ್ಲವೇ ಓಣಿಯ ಹಿರಿಯರಲ್ಲಿ ಮೂರು ಪ್ರಶ್ನೆ ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಸೇತುವೆ ಆಗುವ ಮುಂಚೆ ಯಾವ ಹೊಳೆ ದಾಟುತ್ತಿದ್ದಿರಿ? ಯಾವುದರಲ್ಲಿ ದಾಟುತ್ತಿದ್ದಿರಿ? ಕತ್ತಲಾದರೆ ಏನು ಮಾಡುತ್ತಿದ್ದಿರಿ? ಮೂರನೆಯ ಉತ್ತರವನ್ನು ಪೂರ್ತಿ ಬರೆದುಕೊಳ್ಳಿ, ಅವಸರ ಮಾಡಬೇಡಿ.

ಎಂದಿನಂತೆ ಕೊನೆಗೊಂದು ಲೆಕ್ಕ. ಹಳೆಯದೇ, ಆದರೆ ಗಡಿಯಾರ ಸೇರಿಸಿದ್ದೇನೆ. ಒಬ್ಬ ರೈತನ ಹತ್ತಿರ ಒಂದು ಹುಲಿ, ಒಂದು ಮೇಕೆ, ಒಂದು ಹುಲ್ಲಿನ ಹೊರೆ ಇವೆ. ಹರಿಗೋಲಿನಲ್ಲಿ ಅವನ ಜೊತೆ ಒಂದಕ್ಕೆ ಮಾತ್ರ ಜಾಗ. ಅವನಿಲ್ಲದಾಗ ಹುಲಿ ಮೇಕೆಯನ್ನು ತಿನ್ನುತ್ತದೆ, ಮೇಕೆ ಹುಲ್ಲನ್ನು ತಿನ್ನುತ್ತದೆ. ಒಂದು ಸಲ ಈ ದಡದಿಂದ ಆ ದಡಕ್ಕೆ ದಾಟಲು 10 ನಿಮಿಷ. ಅವನು ಸಂಜೆ 5 ಗಂಟೆ 30 ನಿಮಿಷಕ್ಕೆ ಹೊರಟಿದ್ದಾನೆ, 6 ಗಂಟೆ 45 ನಿಮಿಷಕ್ಕೆ ಕತ್ತಲಾಗುತ್ತದೆ. ಏನನ್ನೂ ಕಳೆದುಕೊಳ್ಳದೆ, ಕತ್ತಲಾಗುವ ಮುಂಚೆ ಎಲ್ಲವನ್ನೂ ಆಚೆ ದಡ ಸೇರಿಸಬಲ್ಲನೇ? ಸೇರಿಸಿದರೆ ಎಷ್ಟು ನಿಮಿಷ ಉಳಿಯುತ್ತದೆ?

ಉತ್ತರ ಮುಂದಿನ ವಾರ.